ಬಾಳೂರಿನಲ್ಲಿ ಕೇಳಿದ ರಾಕ್

ಟೇಪ್‌ರೆಕಾರ್ಡರಿಗೆ ಹೊದಿಸಿದ ಕಸೂತಿ ಬಟ್ಟೆ ಒಂದು ಕಡೆ ಜಾರಿದೆ, ಯಾರಾದರೂ ಸರಿ ಮಾಡಬಾರದೇ, ನಾನೇ ಎದ್ದರೆ ಹೆಣ್ಣು ನೋಡಲು ಬಂದವನು ಬಂದ ತಕ್ಷಣ ಸಾಮಾನಿಗೆ ಕೈ ಹಾಕಿದ ಅಂತಾರೆ, ಸುಮ್ಮನೆ ಕೂತುಕೋ ನಸರುಲ್ಲಾ, ಬಿಸ್ಕತ್ತು ತಿನ್ನು, ಬೇಡ, ಪುಡಿ ಉದುರುತ್ತದೆ — ಬಸ್ಸಿನುದ್ದಕ್ಕೂ ನನ್ನಕ್ಕ ರೌಶನ್ ಬೀ ಹೇಳಿದ್ದು ಒಂದೇ ಮಾತು, ನೀನು ಬಾಯಿ ಬಿಡಬೇಡ ಮಾರಾಯ, ಎಲ್ಲಾ ನಾನು ಮಾತಾಡ್ತೀನಿ, ಈಗ ಮಾತಾಡುತ್ತಲೂ ಇದ್ದಾಳೆ, ಬಾಳೂರಿನ ಎಸ್ಟೇಟ್ ಜೀಪುಗಳೆಲ್ಲ ಇವನ ಕೈಯಲ್ಲೇ ಓಡೋದು, ನಿಜ, ಓಡದೆ ನಿಂತಿರುವುದೂ ನನ್ನ ಕೈಯಲ್ಲೇ, ಅದನ್ನು ಅವಳು ಹೇಳುವುದಿಲ್ಲ, ಗುಲಾಮ್ ಮುಸ್ತಫಾ ಸಾಹೇಬರು ಗಡ್ಡ ನೀವಿಕೊಳ್ಳುತ್ತ ಕೇಳುತ್ತಿದ್ದಾರೆ, ಅವರಿಗೆ ನಾನೇನು ಹೊಸಬನೇ, ಅವರ ರೇಡಿಯೋ ರಿಪೇರಿ ಅಂಗಡಿಗೆ ವರ್ಷದಿಂದ ಬರುತ್ತಿದ್ದೇನೆ, ಸ್ಪೇರ್ ಪಾರ್ಟು ತರೋಕೆ ಚಿಕ್ಕಮಗಳೂರಿಗೆ ಹೋಗಬೇಕು ಅಂತ ಮೇಸ್ತ್ರಿ ಗುರುವಯ್ಯನಿಗೆ ಹೇಳುವುದು, ನೆಟ್ಟಗಿದ್ದ ಪಾರ್ಟನ್ನೂ ಕೆಟ್ಟಿದೆ ಅನ್ನುವುದು, ಬಂದು ನಿಲ್ಲುವುದು ಅಂಗಡಿಯ ಕೌಂಟರಿನ ಮುಂದೆ, ಅಲ್ಲಿ ಜೊಹರಾ, ಸಾಹೇಬರ ಮಗಳು, ಅವಳ ಹಿಂದೆ ಬಾಡಿಗೆ ಕಾದಂಬರಿಗಳ ಒಂದು ಶೆಲ್ಫು, ಪಕ್ಕದಲ್ಲಿ ಇಂಗ್ಲಿಷ್ ಹಾಡಿನ ಕ್ಯಾಸೆಟ್ಟುಗಳ ಇನ್ನೊಂದು, ಹೋದ ಸಲ ತಗೊಂಡಿದ್ದು ಹೇಗಿತ್ತು, ಅಷ್ಟೇ ಅವಳು ಕೇಳುವುದು, ನಾನು ಶುರು ಮಾಡಿದರೆ ಮುಗಿಯಿತು, ಈ ಕಾದಂಬರಿಯವನು ಮಳೆಗೆ ಎರಡು ಪುಟ ಹಿಡಿದಿದ್ದಾನಲ್ಲ, ಬಾಳೂರಿನವನಿಗೆ ಬಂದು ಮಳೆ ಹೇಳಿಕೊಡ್ತಾನಾ, ಈ ನಾಯಕ ಇನ್ನೂರು ಪುಟ ಕೆಮ್ಮುತ್ತಾನೆ, ಒಂದು ದಿನವಾದರೂ ಡಾಕ್ಟರ ಹತ್ತಿರ ಹೋಗಬಾರದೇ, ಕಾಗದ ಬರೆಯುತ್ತ ಕೂತಿದ್ದಾನೆ, ಅವಳು ನಗುತ್ತಾಳೆ, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾಳೆ, ಆ ನಗುವಿಗಾಗಿಯೇ ನಾನು ಜೀಪಿನ ಅಡಿಯಲ್ಲಿ ಮಲಗಿ ಅಷ್ಟೊಂದು ಕಾದಂಬರಿ ಓದಿದ್ದು, ಗ್ರೀಸ್ ಹತ್ತಿದ ಪುಟಗಳಿಗೆ ಬೈಸಿಕೊಂಡದ್ದು.

ರಾಕ್ ಸಂಗೀತದ ವಿಷಯದಲ್ಲಿ ಮಾತ್ರ ನಾನು ಹಗುರಾಗಿ ಮಾತಾಡುವವನಲ್ಲ, ಹೆಚ್ಚಿನವು ಗಲಾಟೆ, ಡ್ರಮ್ಮಿನವನಿಗೆ ಒಂದು ಕಡೆ ಅವಸರ, ಗಿಟಾರಿನವನಿಗೆ ಇನ್ನೊಂದು ಕಡೆ ಅವಸರ, ಟೈಮಿಂಗ್ ತಪ್ಪಿದ ಎಂಜಿನ್ ಹಾಗೆ, ಆದರೆ ಈ ಮಳೆಗಾಲದ ಮೊದಲಲ್ಲಿ ಅವಳೇ ಆರಿಸಿ ಕೊಟ್ಟ ಆ ಕ್ಯಾಸೆಟ್ಟು, ಅದರ ಮಾತೇ ಬೇರೆ, ಗಂಡಸೊಬ್ಬ ಎದೆಯ ತಳದಿಂದ ನಿಧಾನವಾಗಿ ಹಾಡುತ್ತಾನೆ, ಕೇಳಿದರೆ ಹೆಂಡತಿ ಸತ್ತು ವಾರವಾಗಿರಬೇಕು ಅನ್ನಿಸುತ್ತದೆ, ಭಾಷೆ ತಿಳಿಯಬೇಕಾಗಿಯೇ ಇಲ್ಲ, ಕೂಲಿ ಲೈನಿನ ಹುಚ್ಚಮ್ಮ ಬಾಗಿಲಲ್ಲಿ ನಿಂತು ಕೇಳಿ, ಪಾಪ, ಯಾರು ಹೋದ್ರಂತೆ ಅಯ್ಯಾ, ಅಂತ ಕಣ್ಣೊರೆಸಿಕೊಂಡಳು, ಇದನ್ನೆಲ್ಲ ಜೊಹರಾಗೆ ಹೇಳಿದಾಗ ಅವಳು ನಗಲಿಲ್ಲ, ಅದು ನಿಮಗೆ ಹಾಗೆ ಕೇಳ್ತಾ ಅಂದಳು, ಹಿಂದೆ ಇಬ್ಬರು ನನ್ನ ನೋಡೋಕೆ ಬಂದಿದ್ರು, ನಿಂಗೇನಿಷ್ಟ ನಂಗೂ ಅದೇ ಇಷ್ಟ ಅಂದ್ರು, ಸುಳ್ಳು ಹೇಳೋರ ಜೊತೆ ನಂಗಾಗಲ್ಲ, ಬೇಡ ಅಂದೆ, ನೀವಾದ್ರೆ ಅನ್ನಿಸಿದ್ದನ್ನೇ ಹೇಳ್ತೀರಿ — ಆ ಮಾತು ಹಿಡಿದುಕೊಂಡೇ ಅಲ್ಲವೇ ನಾನು ಇವತ್ತು ಅಕ್ಕನನ್ನು ಎಳೆದುಕೊಂಡು ಬಂದದ್ದು, ಅಗೋ ಬಂದಳು, ಟ್ರೇ ಇಟ್ಟಳು, ಚಹಾ ಕೊಟ್ಟಳು, ಅಬ್ಬಾ ಒಂದು ಹಾಡು ಹಾಕ್ಲಾ ಅಂತ ಕೇಳಿ ಬಟ್ಟೆ ತೆಗೆದಳು, ಕ್ಯಾಸೆಟ್ಟು ಕೂರುವ ಗೂಡಿಗೆ ಮುಚ್ಚಳವೇ ಇಲ್ಲ, ಬೇರೆಯವರದ್ದೆಲ್ಲ ರಿಪೇರಿ ಮಾಡುವವರ ಮನೆಯ ಸೆಟ್ಟು, ಒಂದು ಕ್ಯಾಸೆಟ್ಟು ಹಾಕಿ ಕರೆಂಟಿನ ಸ್ವಿಚ್ಚು ಒತ್ತಿದಳು, ಅಯ್ಯಯ್ಯೋ ಏನಿದು, ಕುಣಿತ, ಕಿರುಚಾಟ, ಮೀಸೆ ಬಾರದ ಹುಡುಗನ ಗಂಟಲು, ಹೇಗಿದೆ ಅಂತ ಕೇಳುತ್ತಿದ್ದಾಳೆ, ಅಕ್ಕ ಕಾಲು ತುಳಿಯುತ್ತಿದ್ದಾಳೆ, ಅನ್ನಿಸಿದ್ದನ್ನೇ ಹೇಳುವವನು ನಾನು, ಹೇಳಿಯೇಬಿಟ್ಟೆ, ಇದು ಬಾಲಕ್ಕೆ ಬೆಂಕಿ ಹತ್ತಿದವರ ಹಾಡು, ನೀವು ಮಳೆಗಾಲದಲ್ಲಿ ಕೊಟ್ಟಿದ್ರಲ್ಲ, ಅದರ ಕಾಲಿನ ಧೂಳಿಗೂ ಇದು ಸಮ ಇಲ್ಲ.

ಅವಳ ಮುಖ ಯಾಕೆ ಹೀಗಾಯಿತು, ಇದು ಅದೇ ಕ್ಯಾಸೆಟ್ಟು ಅನ್ನುತ್ತಿದ್ದಾಳೆ, ಅದೇ, ನೀವು ವಾಪಸ್ ಕೊಟ್ಟಿದ್ದು, ಕೇಳೇ ಇಲ್ವಾ ಹಾಗಾದ್ರೆ, ಹುಚ್ಚಮ್ಮ ಅತ್ತಿದ್ದೂ ಸುಳ್ಳಾ, ಸಾಹೇಬರ ಕೈ ಗಡ್ಡದ ಮೇಲೆ ನಿಂತಿದೆ, ಅಕ್ಕ ಕಾಲು ತೆಗೆದಿದ್ದಾಳೆ, ತುಳಿದೂ ಇನ್ನು ಲಾಭವಿಲ್ಲ ಅಂತ, ಸುಳ್ಳುಗಾರ ಅಂದುಕೊಂಡಳು, ಮೂರನೆಯವನು, ಬೇಡ ಅಂತಾಳೆ, ಈಗ ಅಂತಾಳೆ, ಆದರೆ ಕೇಳಿದ್ದೇನಲ್ಲ, ದಿನಾ ಕೇಳಿದ್ದೇನೆ, ಅಲ್ಲಾಹ್, ಇದು ಹೇಗೆ — ಸೆಲ್ಲು! ಬಾಳೂರಿನಲ್ಲಿ ಮಳೆ ಹಿಡಿದರೆ ಕರೆಂಟೆಲ್ಲಿ, ಟಾರ್ಚಿನಲ್ಲಿ ಸತ್ತ ಸೆಲ್ಲನ್ನು ಊರವರೆಲ್ಲ ಬಿಸಿಲಿಗಿಟ್ಟು ಎಬ್ಬಿಸುತ್ತಾರೆ, ನಮಗೆ ಬಿಸಿಲೂ ಇಲ್ಲ, ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಪಕ್ಕ ಬೆಚ್ಚಗಿಟ್ಟು ಟೇಪಿಗೆ ಹಾಕುವುದು, ಅರ್ಧ ಜೀವದ ಸೆಲ್ಲಿನಲ್ಲಿ ಟೇಪು ನಿಧಾನ ತಿರುಗಿ ಆ ಹುಡುಗ ಮುದುಕನಾಗಿದ್ದಾನೆ, ವಿಧುರನಾಗಿದ್ದಾನೆ, ಹಾರ್ನ್ ಕೇಳಿಯೇ ಬ್ಯಾಟರಿ ಇಳಿದಿದೆ ಅನ್ನುವ ನನಗೆ ಇದು ಹೊಳೆಯಲಿಲ್ಲವಲ್ಲ, ಥೂ ನನ್ನ ಮೆಕ್ಯಾನಿಕ್ ಬಾಳಿಗೆ, ಹೇಳುತ್ತಿದ್ದೇನೆ, ತೊದಲುತ್ತ ಎಲ್ಲ ಹೇಳುತ್ತಿದ್ದೇನೆ, ಅಟ್ಟ, ಒಣಮೀನು, ಸೆಲ್ಲು, ಸಾಹೇಬರು ಚಹಾ ನೆತ್ತಿಗೇರಿ ಕೆಮ್ಮುತ್ತಿದ್ದಾರೆ, ಜೊಹರಾ ನಗುತ್ತಿಲ್ಲ, ನಗಬಾರದೇ ಒಂದು ಸಲ, ಅವಳು ಟೇಪಿನ ಮೇಲೆ ಬಗ್ಗಿದಳು, ಆರಿಸಿಬಿಡುತ್ತಾಳೆ, ಇಲ್ಲ, ಟೇಪು ಬಿಚ್ಚಿಕೊಳ್ಳುವ ಚಕ್ರದ ಮೇಲೆ ಬೆರಳಿಟ್ಟಳು, ಮೆಲ್ಲಗೆ ಒತ್ತಿದಳು, ಹುಡುಗನ ಗಂಟಲು ಇಳಿಯಿತು, ಇನ್ನೂ ಇಳಿಯಿತು, ಬಂದ, ನನ್ನವನು ಬಂದ, ಬಾಳೂರಿನವನು, ಇದೇ, ಇದೇ ರೀ, ಈಗ ನೋಡಿ ಗಿಟಾರು ಬಿಕ್ಕುತ್ತೆ, ಬಿಕ್ಕಿತು, ಈಗ ಇವನು ಉಸಿರು ಎಳ್ಕೋತಾನೆ, ಎಳೆದುಕೊಂಡ, ಅವಳು ನನ್ನ ಕಡೆ ನೋಡಿದಳು, ಕಣ್ಣಲ್ಲಿ ನೀರು, ನಗುವಿನದೋ ಯಾವುದರದೋ, ಹುಚ್ಚಮ್ಮ ಅತ್ತಿದ್ದು ಸುಳ್ಳಲ್ಲ ಬಿಡಿ ಅಂದಳು, ಏನಮ್ಮಾ, ಇವರಿಗೆ ಬಸ್ಸಿನ ಹೊತ್ತಾಯ್ತು, ಏನು ಹೇಳ್ಲಿ ಅಂತ ಸಾಹೇಬರು ಕೇಳುತ್ತಿದ್ದಾರೆ, ಈ ಹಾಡು ಮುಗಿಯೋವರೆಗೆ ಕೂತಿರ್ಲಿ ಅಬ್ಬಾ ಅನ್ನುತ್ತಿದ್ದಾಳೆ, ಬೆರಳು ತೆಗೆದರೆ ಈಗಲೇ ಮುಗಿಯುವ ಹಾಡು, ತೆಗೆಯುತ್ತಿಲ್ಲ, ಸೋಲ್ಡರಿಂಗ್ ಸುಟ್ಟ ಕಲೆಯಿರುವ ಬೆರಳು, ಇನ್ನೂ ಒತ್ತುತ್ತಿದ್ದಾಳೆ, ಬಸ್ಸು ಹೋಗಲಿ, ಆ ಬೆರಳು, ಚಕ್ರದ ಮೇಲೆ, ಆ ಬೆರಳು