ಬಕೆಟ್ಟಿನಲ್ಲಿ ಬೆರೆಸಿದ ಬಲ

ಬೆಳಿಗ್ಗೆ ಒಗೆದ ಬಟ್ಟೆ ಹಿಂಡುತ್ತಿದ್ದೆ. ಬಚ್ಚಲಿನಿಂದ ಕೆಮ್ಮು ಕೇಳಿಸಿತು. ಬೆಡ್‌ಶೀಟನ್ನು ಅರ್ಧಕ್ಕೇ ಬಿಟ್ಟು ಓಡಿದೆ.

ನಮ್ಮ ಯಜಮಾನರು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವರು. ಹಳದಿಗೆ ನೀಲಿ ಹಾಕಿ ಹಸಿರು ತೆಗೆಯುವ ಕೈ ಮನೆಯಲ್ಲೂ ಸುಮ್ಮನಿರುವುದಿಲ್ಲ. ಬಕೆಟ್ಟಿಗೆ ಬ್ಲೀಚ್ ಸುರಿದು, ಮೇಲೆ ಗಾಜು ಒರೆಸುವ ಅಮೋನಿಯಾ ನೀರನ್ನೂ ಸುರಿದಿದ್ದರು.

"ಏನ್ರೀ ಇದು?"

"ಎರಡು ಸೇರಿದ್ರೆ ಎರಡರಷ್ಟು ಬಲ ಕಣೇ. ಕೊಳೆ ಊರು ಬಿಟ್ಟು ಓಡುತ್ತೆ!"

"ಕೊಳೆಗಿಂತ ಮೊದಲು ನೀವು ಓಡಿ!"

ಉಬ್ಬಸದ ಅತ್ತೆ ಸ್ನಾನಕ್ಕೆಂದು ಟವೆಲ್ ಹಿಡಿದು ಬರುತ್ತಿದ್ದರು. ಕಿಟಕಿ ಬಾಗಿಲು ತೆರೆದು, ಅವರನ್ನೂ ಮಗಳನ್ನೂ ಇವರನ್ನೂ ಅಂಗಳಕ್ಕೆ ಹೊರಡಿಸಿದೆ.

ಗಲಾಟೆ ಕೇಳಿ ಮೇಲಿನ ಮಹಡಿಯ ಅಕ್ಕ ಇಳಿದು ಬಂದರು. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಅವರಿಗೆ ಕೆಲಸ.

"ಯಾರೂ ಒಳಗೆ ಹೋಗ್ಬೇಡಿ. ಬ್ಲೀಚ್‌ಗೆ ಅಮೋನಿಯಾ ಸೇರಿದ್ರೆ ಕ್ಲೋರಮೈನ್ ಅನ್ನೋ ವಿಷದ ಗಾಳಿ ಏಳುತ್ತೆ. ಅಮೋನಿಯಾ ಜಾಸ್ತಿ ಇದ್ರೆ ಸ್ವಲ್ಪ ಹೈಡ್ರಜೀನ್ ಕೂಡ ಹುಟ್ಟಬಹುದು."

"ಅದ್ಯಾರಕ್ಕಾ ಹೈಡ್ರಜೀನ್?" ಎಂದರು ಯಜಮಾನರು, ಕಣ್ಣೊರೆಸಿಕೊಳ್ಳುತ್ತ.

"ಅಮೋನಿಯಾದ ದಾಯಾದಿ ಅಂದ್ಕೋ. ಅಮೋನಿಯಾದಲ್ಲಿ ಒಂದು ನೈಟ್ರೋಜನ್, ಮೂರು ಹೈಡ್ರೋಜನ್. ಇದರಲ್ಲಿ ಎರಡು ನೈಟ್ರೋಜನ್ ಕೈ ಕೈ ಹಿಡ್ಕೊಂಡಿರುತ್ವೆ, ಒಂದೊಂದರ ಬೆನ್ನಿಗೂ ಎರಡೆರಡು ಹೈಡ್ರೋಜನ್. ನೋಡೋಕೆ ನೀರಿನ ಹಾಗೆ, ಆದ್ರೆ ಬಲು ವಿಷ. ಉಪಗ್ರಹ ತಳ್ಳೋ ಇಂಧನ ಅದು."

"ಅಬ್ಬಾ! ಹಾಗಾದ್ರೆ ನಮ್ಮ ಬಚ್ಚಲಿಂದ ರಾಕೆಟ್ ಹಾರ್ತಿತ್ತು ಅನ್ನಿ!"

"ಅಷ್ಟೊಂದು ಹುಟ್ಟಲ್ಲಪ್ಪ. ರಾಕೆಟ್ ಹಾರಲ್ಲ. ಕ್ಲೋರಮೈನ್ ಒಂದೇ ಸಾಕು, ನಿಮ್ಮಮ್ಮನ ಉಸಿರು ಹಾರ್ತಿತ್ತು."

ಯಜಮಾನರು ಅತ್ತೆಯ ಕಡೆ ನೋಡಿದರು. ಅವರ ನಗು ನಿಂತುಹೋಯಿತು.

"ಇನ್ನು ಬೆರಕೆ ಏನಿದ್ರೂ ಅಂಗಡೀಲೇ," ಎಂದರು ಮೆಲ್ಲಗೆ.

"ಹುಟ್ಟಿದಾಗಿಂದ ಇವನದು ಇದೇ ಕತೆ," ಎಂದರು ಅತ್ತೆ, ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ತೊಳೆಯುವ ರಾಸಾಯನಿಕಗಳನ್ನು ಒಂದಕ್ಕೊಂದು ಬೆರೆಸಬೇಡಿ. ಅಪ್ಪಿತಪ್ಪಿ ಬೆರೆತರೆ ಎಲ್ಲವನ್ನೂ ಬಿಟ್ಟು ಹೊರಗೆ ಬನ್ನಿ, ಗಾಳಿ ಆಡಲಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾಟಲಿಯ ಚೀಟಿ ಓದಿಯೇ ಮುಚ್ಚಳ ತೆರೆಯಿರಿ.

ಇದನ್ನು ನಾನು ಹೇಳಬೇಕಾಗಿಯೇ ಇರಲಿಲ್ಲ. ಅಪ್ಪನ ಕೈಯಲ್ಲೇ ಉಳಿದಿದ್ದ ಬ್ಲೀಚ್ ಬಾಟಲಿಯ ಮೇಲೆ ಒಂದನೇ ತರಗತಿಯ ಮಗಳು ಬೆರಳಿಟ್ಟು, ಅಕ್ಷರ ಕೂಡಿಸುತ್ತ ಓದಿದಳು: "ಬೇ-ರೆ ಯಾ-ವು-ದ-ರ ಜೊ-ತೆ-ಗೂ ಬೆ-ರೆ-ಸ-ಬೇ-ಡಿ." ಬಾಟಲಿಯಿಂದ ಬೆರಳೆತ್ತಿ ಅಪ್ಪನ ಕಡೆ ತೋರಿಸಿದಳು. ಆಮೇಲೆ ಕೇಳಿಯೇಬಿಟ್ಟಳು:

"ಅಪ್ಪಾ, ನಂಗೆ ದಿನಾ ಓದು ಓದು ಅಂತೀಯಲ್ಲ, ನೀನ್ಯಾಕೆ ಓದ್ಲಿಲ್ಲ?"