ಅಂಗೈ ಅಡ್ಡ ಹಿಡಿದ ನಾಲ್ಕು ನಿಮಿಷ

ಮಾತಾಡುವ ಪ್ರಾಣಿಗಳನ್ನು ಕಂಡರೆ ನನಗೆ ಆಗುವುದಿಲ್ಲ. ಕತ್ತೆ ಹಾಡು ಹೇಳುತ್ತದೆ, ಆಮೆ ಕನ್ನಡಕ ಹಾಕಿಕೊಂಡು ಬುದ್ಧಿ ಹೇಳುತ್ತದೆ, ಮೀನು ಗಳಗಳ ಅಳುತ್ತದೆ. ನಮ್ಮೂರಿನವರು ಬದುಕುವುದೇ ಮೀನು ಹಿಡಿದು. ಇಲ್ಲಿನ ಮಕ್ಕಳು ಭಾನುವಾರ ಮಧ್ಯಾಹ್ನ ಕಾರ್ಟೂನ್ ಸಿನಿಮಾದ ಮೀನಿಗಾಗಿ ಮೂಗು ಒರೆಸಿಕೊಂಡು, ಮನೆಗೆ ಹೋಗಿ ಹುರಿದ ಮೀನಿಗೆ ಜಗಳ ಆಡುತ್ತಾರೆ. ಇದನ್ನು ದಲೆಂದಾ ಮೇಡಂ ಮುಖಕ್ಕೇ ಹೇಳಿದ್ದೇನೆ.

"ನಿಮಗೆ ಇಷ್ಟ ಇಲ್ದಿದ್ರೆ ನೋಡ್ಬೇಡಿ ಲಸ್ಸಾದಣ್ಣ. ತೋರ್ಸಿ, ಸಾಕು," ಅಂದರು.

ತೋರಿಸುವುದೇ ನನ್ನ ಕೆಲಸ. ಬಂದರಿನ ಪಕ್ಕದ ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷ ರೀಲು ಓಡಿಸಿದೆ. ಅದು ಮದುವೆ ಹಾಲ್ ಆದ ಮೇಲೆ ಊರಿನ ಸಂಸ್ಕೃತಿ ಭವನಕ್ಕೆ ಬಂದೆ. ಇಲ್ಲಿ ರೀಲಿಲ್ಲ, ಹಲಗೆಯ ಮೇಲೆ ಒಂದು ಸಣ್ಣ ಪ್ರೊಜೆಕ್ಟರ್ ಇದೆ. ಶನಿವಾರ ದೊಡ್ಡವರ ಕ್ಲಬ್ಬು, ಭಾನುವಾರ ಮಕ್ಕಳದ್ದು. ಎರಡನ್ನೂ ನಡೆಸುವುದು ಶಾಲೆಯಲ್ಲಿ ಪಾಠ ಹೇಳುವ ದಲೆಂದಾ ಮೇಡಂ. ಅವರ ತಂದೆ ಕಟ್ಟಿದ ಕ್ಲಬ್ಬು ಅದು.

ಕ್ಲಬ್ಬಿನ ನಿಯಮ ಅವರ ತಂದೆಯ ಕಾಲದ್ದೇ. ಸಿನಿಮಾ ಮುಗಿದ ಮೇಲೆ ಯಾರೂ ಏಳುವಂತಿಲ್ಲ. ಕುರ್ಚಿಗಳನ್ನು ಸುತ್ತ ತಿರುಗಿಸಿ ಕೂರಬೇಕು. ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಬೇಕು, ದೊಡ್ಡವರು ಕೊನೆಗೆ. ಕತೆಯಲ್ಲಿ ನಡೆದದ್ದು ಹೀಗಲ್ಲ ಹಾಗೆ ಅಂತ ಜಗಳ ಬಂದರೆ ಆ ಭಾಗವನ್ನು ಮತ್ತೆ ತೋರಿಸಿಯೇ ತೀರಬೇಕು. ಸಿನಿಮಾ ನೋಡಿ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುವುದು ನಮ್ಮಲ್ಲಿ ಮದುವೆಗೆ ಹೋಗಿ ಊಟ ಮಾಡದೆ ಬಂದ ಹಾಗೆ.

ಶನಿವಾರಗಳಲ್ಲಿ ದೊಡ್ಡವರಿಗೆಂದೇ ಮಾಡಿದ ಕಾರ್ಟೂನುಗಳೂ ಇರುತ್ತವೆ. ಒಮ್ಮೆ ಯುದ್ಧದ್ದೊಂದು ಹಾಕಿದಾಗ ಮೀನುಗಾರರು, "ಬಲೆ ಬಿಟ್ಟು ಬಂದಿದ್ದೀವಿ, ಚಿತ್ರ ಬಿಡ್ಸಿದ್ದನ್ನ ತೋರಿಸ್ತೀಯಾ?" ಅಂತ ಎದ್ದು ನಿಂತರು. ಆ ಸಿನಿಮಾದಲ್ಲಿ ಗೆರೆಯಲ್ಲಿ ಬರೆದ ಸಿಪಾಯಿಯೊಬ್ಬ ಮನೆಗೆ ಬಂದು, ಬೂಟು ಬಿಚ್ಚಲು ಕೈ ಬಾರದೆ ಮಂಚದ ತುದಿಯಲ್ಲಿ ಕೂರುತ್ತಾನೆ. ನಿಂತವರು ನಿಂತೇ ನೋಡಿದರು. ಆ ಒಂದು ಸಿನಿಮಾ ಮಾತ್ರ ನಾನೂ ಒಪ್ಪಿಕೊಂಡಿದ್ದೇನೆ. ಅದರಲ್ಲಿ ಪ್ರಾಣಿ ಮಾತಾಡಲಿಲ್ಲ.

ಈ ಸಲದ ಭಾನುವಾರಕ್ಕೆ ಬಂದದ್ದು ರಾಜಹಂಸದ ಸಿನಿಮಾ. ಶಬ್ದ ಸರಿಯಿದೆಯಾ ಅಂತ ನಾನು ಶನಿವಾರ ಬೆಳಗ್ಗೆಯೇ ಒಬ್ಬನೇ ಓಡಿಸಿ ನೋಡುತ್ತೇನೆ. ಉಪ್ಪಿನ ಕೆರೆ, ಸಾವಿರಾರು ಗುಲಾಬಿ ಹಕ್ಕಿ, ಒಂದು ಬೂದು ಬಣ್ಣದ ಮರಿ. ನಡುವೆ ಬಿರುಗಾಳಿಗೆ ತಾಯಿಯ ರೆಕ್ಕೆ ಮುರಿಯುತ್ತದೆ. ಉಪ್ಪಿನ ಮೇಲೆ ಮಲಗುತ್ತದೆ, ಮರಿಗೆ ಎರಡು ಮಾತು ಹೇಳಿ ಸಾಯುತ್ತದೆ. ನಾಲ್ಕು ನಿಮಿಷ.

ನಾನು ಸಿನಿಮಾ ನಿಲ್ಲಿಸಿ ಹೊರಗೆ ಹೋಗಿ ಎರಡು ಸಿಗರೇಟು ಸೇದಿದೆ.

ಯಾಕೆಂದರೆ ಪ್ರತಿ ಭಾನುವಾರ ಮೊದಲ ಸಾಲಿನಲ್ಲಿ ಕೂರುವವಳು ಶೀರಾಜ್. ನನ್ನ ತಂಗಿ ನೈಲಾಳ ಮಗಳು, ಏಳು ವರ್ಷ. ನೈಲಾ ಫೆಬ್ರವರಿಯಲ್ಲಿ, ಬಾದಾಮಿ ಗಿಡ ಹೂ ಬಿಟ್ಟಾಗ ರಾಜಧಾನಿ ಟ್ಯೂನಿಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಣ್ಣು ಮಾಡುವ ದಿನ ಹುಡುಗಿಯನ್ನು ಸೂಸ್ ಪಟ್ಟಣದಲ್ಲಿರುವ ಅವಳ ಅತ್ತೆಯ ಮನೆಗೆ ಕಳಿಸಿದೆವು. ಮರಳಿ ಬಂದಾಗ, "ಅಮ್ಮ ಔಷಧಿಗೆ ಫ್ರಾನ್ಸಿಗೆ ಹೋಗಿದ್ದಾಳೆ," ಅಂದೆವು. ಅದು ನನ್ನ ತಾಯಿಯ ಆಜ್ಞೆ. ಈ ವರ್ಷದ ಶಾಲೆ ಮುಗಿಯುವ ತನಕ ಯಾರೂ ಬಾಯಿ ಬಿಡಕೂಡದು. ಓಣಿಯವರೆಲ್ಲ ಒಪ್ಪಿದರು. ಹುಡುಗಿಯ ಅಪ್ಪ ವಾರಗಟ್ಟಲೆ ದೋಣಿಯ ಮೇಲಿರುವವನು, ಅವನೂ ಒಪ್ಪಿದ.

ಶೀರಾಜ್ ಹತ್ತು ದಿನ ಕೇಳಿದಳು. ಆಮೇಲೆ ಬಿಟ್ಟಳು. ಮಗು ಮರೆಯಿತು ಅಂತ ನಾವು ನಿಟ್ಟುಸಿರು ಬಿಟ್ಟೆವು. ಕಳೆದ ವಾರ ಅವಳು ನೈಲಾಳ ಕೊಂಬಿನ ಬಾಚಣಿಗೆಯನ್ನು ಬಂದರಿಗೆ ಒಯ್ದು ನೀರಿಗೆ ಎಸೆದಳು. ತುಂಟತನ ಅಂದಳು ನನ್ನ ತಾಯಿ. ನನಗೆ ಹಾಗನ್ನಿಸಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡೆ.

ಇನ್ನೂ ಒಂದಿತ್ತು. ಆಸ್ಪತ್ರೆಯಲ್ಲಿ ನೈಲಾ ನನ್ನ ಕೈ ಹಿಡಿದು ಮಗಳಿಗೆ ತಲುಪಿಸು ಅಂತ ಒಂದು ಮಾತು ಹೇಳಿದ್ದಳು. ನಾಲ್ಕು ತಿಂಗಳಾದರೂ ನಾನು ತಲುಪಿಸಿರಲಿಲ್ಲ.

ಮೇಡಂಗೆ ಹೇಳಿ ಬೇರೆ ಸಿನಿಮಾ ಹಾಕಿಸಬಹುದಿತ್ತು. ಹುಡುಗಿಯನ್ನು ಮನೆಯಲ್ಲಿ ಬಿಟ್ಟು ಬರಬಹುದಿತ್ತು. ನಾನು ಮಾಡಿದ್ದು ನನಗೆ ಗೊತ್ತಿದ್ದ ಕೆಲಸ. ಹಳೆಯ ಟಾಕೀಸಿಗೆ ಶುಕ್ರವಾರ ಸಂಸಾರಗಳು ಬರುತ್ತಿದ್ದವು. ತೆರೆಯ ಮೇಲೆ ನಾಯಕ ನಾಯಕಿಯ ಮುಖ ಹತ್ತಿರ ಬಂದರೆ ಮಾಲೀಕರು ಕೆಮ್ಮುತ್ತಿದ್ದರು, ನಾನು ಲೆನ್ಸಿನ ಮುಂದೆ ಅಂಗೈ ಹಿಡಿಯುತ್ತಿದ್ದೆ. ಜನ ಸಿಳ್ಳೆ ಹೊಡೆದು, "ಲಸ್ಸಾದ್, ಕೈ ತೆಗಿಯೋ!" ಅಂತ ಕೂಗುತ್ತಿದ್ದರು. ಯಾವ ಸಿನಿಮಾದಲ್ಲಿ ಎಷ್ಟು ಹೊತ್ತು ಅಂತ ನನ್ನ ಕೈಗೆ ಬಾಯಿಪಾಠವಾಗಿತ್ತು.

ಭಾನುವಾರ ಮೂರು ಗಂಟೆಗೆ ಪರದೆ ಎಳೆದು ಶುರು ಮಾಡಿದೆ. ತಾಯಿ ಹಕ್ಕಿ ಮಲಗಿತು. ಎಡಗೈಯಲ್ಲಿ ಶಬ್ದ ಇಳಿಸಿದೆ, ಬಲಗೈ ಅಡ್ಡ ಹಿಡಿದೆ. ಮಕ್ಕಳು ಕೂಗಾಡಿದರು. "ಕರೆಂಟು ಕಣ್ರೋ, ಸುಮ್ನಿರಿ!" ಅಂತ ಗದರಿದೆ. ನಾಲ್ಕು ನಿಮಿಷಕ್ಕೆ ಕೈ ತೆಗೆದಾಗ ತೆರೆಯ ಮೇಲೆ ಬೆಳಗಾಗಿತ್ತು. ಮರಿ ಒಂಟಿಯಾಗಿ ಮೇಲೆದ್ದು ಗುಂಪಿನ ಹಿಂದೆ ಹಾರಲು ಓಡುತ್ತಿತ್ತು. ಬಚಾವಾದೆ ಅಂದುಕೊಂಡೆ.

ಸಿನಿಮಾ ಮುಗಿಯಿತು. ಕುರ್ಚಿ ತಿರುಗಿದವು. ಎಲ್ಲರಿಗಿಂತ ಚಿಕ್ಕವನು ಮಾಲೆಕ್, ಐದು ವರ್ಷ. ಎದ್ದು ನಿಂತು, "ಹಕ್ಕಿ ಚೆನ್ನಾಗಿತ್ತು. ನಂಗೆ ಉಚ್ಚೆ ಬರ್ತಿದೆ," ಅಂದ.

"ನಿಯಮ ಇದ್ರೂ ಅದಕ್ಕೆ ಹೋಗ್ಬಹುದು," ಅಂದರು ಮೇಡಂ.

ಮುಂದಿನ ಸರದಿ ಶೀರಾಜ್‌ಳದು. ಕೈ ಕಟ್ಟಿಕೊಂಡು ನಿಂತಳು.

"ತಾಯಿ ಹಕ್ಕಿ ಕೆಟ್ಟದ್ದು," ಅಂದಳು.

"ಯಾಕಮ್ಮಾ?"

"ಮರಿಗೆ ಹೇಳ್ದೆ ಹೋಯ್ತು. ಅಲ್ಲೇ ಮಲ್ಕೊಂಡಿತ್ತು, ಆಮೇಲೆ ನೋಡಿದ್ರೆ ಇಲ್ಲ. ಫ್ರಾನ್ಸಿಗೆ ಹೋಗಿರುತ್ತೆ."

ಮಕ್ಕಳ ಹಿಂದೆ ಕೂತಿದ್ದ ತಾಯಂದಿರು ಸೂರ್ಯಕಾಂತಿ ಬೀಜ ಕಚ್ಚುವುದನ್ನು ನಿಲ್ಲಿಸಿದರು.

"ಮರಿ ದೊಡ್ಡದಾದ್ಮೇಲೆ ಅದು ವಾಪಸ್ ಬಂದ್ರೆ ಮಾತಾಡಿಸ್ಬಾರ್ದು," ಅಂತ ಶೀರಾಜ್ ಮುಂದುವರಿಸಿದಳು. "ನಾನಾಗಿದ್ರೆ ಮಾತಾಡ್ಸಲ್ಲ. ಗೂಡಿಗೂ ಬಿಡಲ್ಲ. ಅಷ್ಟೇ."

ಕೂತಳು. ಮಗು ಮರೆತಿರಲಿಲ್ಲ. ನಾಲ್ಕು ತಿಂಗಳಿಂದ ತಾಯಿಯ ಮೇಲೆ ಹಗೆ ಸಾಧಿಸುತ್ತ ಕೂತಿತ್ತು. ಅದನ್ನು ಕಲಿಸಿದವರು ನಾವು. ಇವತ್ತು ನಾನು ಅಂಗೈ ಅಡ್ಡ ಇಟ್ಟು ಆ ಪಾಠವನ್ನು ಇನ್ನೂ ಗಟ್ಟಿ ಮಾಡಿದ್ದೆ.

ಹನ್ನೊಂದು ವರ್ಷದ ಇನ್ಸಾಫ್‌ಗೆ ಸರದಿ ಕಾಯುವ ತಾಳ್ಮೆ ಇಲ್ಲ. "ಎಲ್ಲೂ ಹೋಗಿಲ್ಲ ಕಣೇ ಅದು! ಆ ಜಾಗ ನಮಗೆ ತೋರ್ಸೇ ಇಲ್ಲ. ಕರೆಂಟಲ್ಲ ಏನಲ್ಲ, ಲಸ್ಸಾದ್ ಮಾಮ ಕೈ ಅಡ್ಡ ಇಟ್ರು. ಬೆರಳ ಸಂದಿಯಿಂದ ಬೆಳಕು ಬೀಳ್ತಿತ್ತು, ನಾನೇ ನೋಡ್ದೆ."

"ಹಳೇ ಚಾಳಿ," ಅಂದರು ಸೀ ತಿಜಾನಿ. ಅಂಚೆ ಕಚೇರಿಯಿಂದ ನಿವೃತ್ತರಾದ ಹಿರಿಯರು, 'ಸೀ' ಅಂತ ಮರ್ಯಾದೆಗೆ ಸೇರಿಸುತ್ತೇವೆ. ಮೊಮ್ಮಗನ ಜೊತೆ ಬಂದೆ ಅಂತ ಹೇಳಿಕೊಂಡು ಪ್ರತಿ ಭಾನುವಾರ ಬರುತ್ತಾರೆ, ಮೊಮ್ಮಗ ಇರುವುದು ಇಟಲಿಯಲ್ಲಿ. "ಇವನ ಅಂಗೈಯಿಂದಾಗಿ ಇಡೀ ಊರು ಇಪ್ಪತ್ತೆರಡು ವರ್ಷ ಒಂದು ಮುತ್ತನ್ನೂ ನೋಡ್ಲಿಲ್ಲ. ಲೇ ಲಸ್ಸಾದ್, ಈ ಸಿನಿಮಾ ಕೈಯಲ್ಲಿ ಬರ್ದಿರೋದು ಕಣಯ್ಯಾ. ಈಗಿನವು ಪ್ಲಾಸ್ಟಿಕ್ ಬಕೆಟ್ ಥರ ಹೊಳೀತವೆ. ಇದರಲ್ಲಿ ನೀರು ನೀರಿನ ಥರ ಇತ್ತು. ಯಾರೋ ಪುಣ್ಯಾತ್ಮ ವರ್ಷಗಟ್ಟಲೆ ಕೂತು ಬರ್ದಿದ್ದನ್ನ ನೀನು ಕೈಯಲ್ಲಿ ಒರೆಸಿ ಹಾಕ್ತೀಯಲ್ಲ!"

"ನಿಮ್ಮ ಕೆಲಸ ನೋಡ್ಕೊಳ್ಳಿ ನೀವು!" ಅಂತ ಕಿರುಚಿದೆ. "ಯಾರ ಕೈ? ಬಲ್ಬು ಬಿಸಿಯಾಗಿತ್ತು, ಮೆಷಿನ್ ಕೆಟ್ಟಿತ್ತು!"

ಶೀರಾಜ್ ಎದ್ದು ಬಂದು ನನ್ನ ಹಲಗೆಯ ಪಕ್ಕ ನಿಂತಳು. "ಮಾಮ, ಆ ಭಾಗ ತೋರ್ಸು."

"ಮೆಷಿನ್ ಕೆಟ್ಟಿದೆ ಅಂದ್ನಲ್ಲ."

"ಹಸಿರು ದೀಪ ಉರೀತಿದೆ." ಅವಳ ಬೆರಳು ದೀಪದ ಮೇಲೇ ಇತ್ತು. "ಜಗಳ ಬಂದ್ರೆ ತೋರಿಸ್ಬೇಕು. ನಿಯಮ ಇದೆ."

ದಲೆಂದಾ ಮೇಡಂ ಹತ್ತಿರ ಬಂದು ದನಿ ತಗ್ಗಿಸಿದರು. "ಶೀರಾಜ್ ಇದಾಳೆ ಅಂತ ನಾನು ಯೋಚಿಸ್ಬೇಕಿತ್ತು ಲಸ್ಸಾದಣ್ಣ, ತಪ್ಪು ನನ್ನದೂ ಇದೆ. ಆದ್ರೆ ಇನ್ನೆಷ್ಟು ದಿನ? ನಿಮ್ಮಮ್ಮನಿಗೆ ಹೆದರಿದೀರಾ?"

"ನೀವು ನಮ್ಮಮ್ಮನ್ನ ನೋಡಿಲ್ಲ ಮೇಡಂ."

"ನೋಡಿದೀನಿ. ನೀವು ಈ ಹುಡುಗಿ ಮುಖ ನೋಡಿ."

ನೋಡಿದೆ. ನೈಲಾಳ ಮುಖವೇ. ಚಿಕ್ಕಂದಿನಲ್ಲಿ ನಾನು ಸುಳ್ಳು ಹೇಳಿದಾಗಲೆಲ್ಲ ನೈಲಾ ಹೀಗೇ ತುಟಿ ಬಿಗಿದು ಕಾಯುತ್ತಿದ್ದಳು.

"ಬಾ ಇಲ್ಲಿ," ಅಂದೆ. ಅವಳನ್ನು ಎತ್ತಿ ಹಲಗೆಯ ಪಕ್ಕದ ಸ್ಟೂಲಿನ ಮೇಲೆ ನಿಲ್ಲಿಸಿದೆ. ಸಿನಿಮಾವನ್ನು ಹಿಂದಕ್ಕೆ ಓಡಿಸಿ ಬಿರುಗಾಳಿಯ ಹತ್ತಿರ ನಿಲ್ಲಿಸಿದೆ. "ಈ ಗುಂಡಿ ನೀನೇ ಒತ್ತು." ಒತ್ತಿದಳು. ನಾನು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡೆ.

ತಾಯಿ ಹಕ್ಕಿ ಮಲಗಿತು. ಮರಿ ಅದರ ಕೊಕ್ಕನ್ನು ಎತ್ತಲು ನೋಡಿತು, ಆಗಲಿಲ್ಲ. "ಬೆಳಗಾದ್ರೆ ಎಲ್ಲರ ಜೊತೆ ಹಾರು, ನನ್ನ ಕಾಯ್ಬೇಡ," ಅಂದಿತು ತಾಯಿ. "ನೀನು ಆಮೇಲೆ ಬರ್ತೀಯಾ?" ಅಂತ ಮರಿ ಕೇಳಿತು. "ಇಲ್ಲ," ಅಂದಿತು ತಾಯಿ. ಅಷ್ಟೇ ಮಾತು. ಕಣ್ಣು ಮುಚ್ಚಿತು. ಮರಿ ರಾತ್ರಿಯಿಡೀ ಆ ತಣ್ಣನೆಯ ರೆಕ್ಕೆಯ ಕೆಳಗೆ ಕೂತಿತ್ತು. ಆ ಹಕ್ಕಿ ಮಾತಾಡಿದ್ದಕ್ಕೆ ನನಗೆ ಸಿಟ್ಟೂ ಬರಲಿಲ್ಲ.

ಶೀರಾಜ್ ತೆರೆಯಿಂದ ಕಣ್ಣು ತೆಗೆಯದೆ, "ನಮ್ಮಮ್ಮನೂನಾ?" ಅಂದಳು.

"ಹೂಂ, ಕಂದ."

"ಫ್ರಾನ್ಸಲ್ಲಾ?"

"ಫ್ರಾನ್ಸಿಗೆ ಹೋಗೇ ಇಲ್ಲ. ಟ್ಯೂನಿಸಲ್ಲಿ. ಇಲ್ಲೇ ಗುಡ್ಡದ ಮೇಲೆ ಮಣ್ಣು ಮಾಡಿದ್ದೀವಿ, ಸಮುದ್ರ ಕಾಣೋ ಕಡೆ."

"ನಾನು ಸೂಸ್‌ಗೆ ಹೋದಾಗಲಾ?"

"ಹೂಂ."

ಕಣ್ಣೀರು ಗಲ್ಲಕ್ಕೆ ಬಂದರೂ ಒರೆಸಿಕೊಳ್ಳಲಿಲ್ಲ. "ಹೇಳ್ದೇ ಹೋದ್ಲಾ?"

ನಾಲ್ಕು ತಿಂಗಳು ಹೊತ್ತ ಮಾತನ್ನು ಇಳಿಸಿದೆ. "ಹೇಳಿದ್ಲು. ನಿನಗೆ ಹೇಳು ಅಂತ ನನ್ನ ಹತ್ರ ಹೇಳಿದ್ಲು. ಶೀರಾಜ್‌ಗೆ ಬೈತಲೆ ಎಡಕ್ಕೆ ತೆಗೀಬೇಕು, ಬಲಕ್ಕೆ ತೆಗೆದ್ರೆ ಸುಳಿ ಎದ್ದು ನಿಲ್ಲುತ್ತೆ ಅಂದ್ಲು. ಆಮೇಲೆ, ನನಗೆ ಬರೋಕಾಗೋ ಹಾಗಿದ್ರೆ ನಡ್ಕೊಂಡಾದ್ರೂ ಬರ್ತಿದ್ದೆ ಅಂತ ಹೇಳು ಅಂದ್ಲು. ನಾನು ಹೇಳ್ಲಿಲ್ಲ. ನಾನು ಕತ್ತೆ."

ಅವಳು ನನ್ನ ಭುಜಕ್ಕೆ ಮುಖ ಒತ್ತಿದಳು. ಅಂಗಿ ಒದ್ದೆಯಾಗುವ ತನಕ ಹಾಗೇ ಇದ್ದಳು. ಮೇಡಂ ಯಾರನ್ನೂ ಏಳಲು ಬಿಡಲಿಲ್ಲ, ಯಾರನ್ನೂ ಹತ್ತಿರ ಬರಲೂ ಬಿಡಲಿಲ್ಲ. ಉಚ್ಚೆಗೆ ಹೋಗಿದ್ದ ಮಾಲೆಕ್ ಬಂದು, "ಮತ್ತೆ ಶುರು ಆಯ್ತಾ?" ಅಂದ. ಇನ್ಸಾಫ್ ಅವನ ಬಾಯಿ ಮುಚ್ಚಿ ತೊಡೆಯ ಮೇಲೆ ಕೂರಿಸಿಕೊಂಡಳು.

ಆಮೇಲೆ ಶೀರಾಜ್ ಮೂಗೆಳೆದುಕೊಂಡು ಸ್ಟೂಲಿನ ಮೇಲಿಂದಲೇ ಕೈ ಎತ್ತಿದಳು.

"ಮಾತು ಬದಲಾಯಿಸ್ಬಹುದಾ ಮೇಡಂ?"

"ಅದೂ ನಿಯಮದಲ್ಲಿದೆ."

"ತಾಯಿ ಹಕ್ಕಿ ಕೆಟ್ಟದ್ದಲ್ಲ. ಬೇರೆ ಹಕ್ಕಿಗಳು ಕೆಟ್ಟವು. ಅವಕ್ಕೆಲ್ಲ ಗೊತ್ತಿತ್ತು, ಸುಮ್ನೆ ನಿಂತಿದ್ವು."

ಎಲ್ಲದಕ್ಕೂ ಅಭಿಪ್ರಾಯವಿರುವ ಸೀ ತಿಜಾನಿ ಟೋಪಿ ತೆಗೆದು ಒಳಗೆ ನೋಡುತ್ತ ಕೂತರು. ಕೊನೆಗೆ ದೊಡ್ಡವರ ಸರದಿಯಲ್ಲಿ ನಾನೂ ಎದ್ದು ನಿಂತೆ. ಈ ಭವನಕ್ಕೆ ಬಂದ ಹನ್ನೆರಡು ವರ್ಷದಲ್ಲಿ ಮೊದಲ ಸಲ. "ಹುಡುಗಿ ಹೇಳಿದ್ದು ಸರಿ," ಅಂದು ಕೂತೆ.

ಬಿಸಿಲಿನ್ನೂ ಇತ್ತು. ಬಂದರಿನ ಹಾದಿಯಲ್ಲಿ ಅವಳಿಗೊಂದು ಎಣ್ಣೆಯಲ್ಲಿ ಕರಿದು ಸಕ್ಕರೆಯಲ್ಲಿ ಹೊರಳಿಸಿದ ಬಿಸಿ ಬಂಬಲೂನಿ ಕೊಡಿಸಿದೆ. ಸಕ್ಕರೆ ಅಂಟಿದ ಬೆರಳಿನಿಂದ ನನ್ನ ಕೈ ಹಿಡಿದುಕೊಂಡು ಮೂರು ಸಲ, "ಇನ್ನೊಂದ್ಸಲ ಹೇಳು," ಅಂದಳು. ಮೂರು ಸಲವೂ ಒಂದಕ್ಷರ ಬಿಡದೆ ಹೇಳಿದೆ. ಬಾಚಣಿಗೆ ಎಸೆದ ಕಟ್ಟೆಯ ಹತ್ತಿರ ಬಂದಾಗ ನಿಂತು ನೀರು ನೋಡಿದಳು. "ಸಿಗಲ್ಲ ಅಲ್ವಾ ಮಾಮ?"

"ಸಿಗಲ್ಲ. ಆಳ ಇದೆ."

ನನ್ನ ತಾಯಿ ಬಾಗಿಲಲ್ಲೇ ಕೂತು ಅವರೆ ಸುಲಿಯುತ್ತಿದ್ದಳು. ಹುಡುಗಿಯ ಕಣ್ಣು ನೋಡಿದಳು, ನನ್ನ ಅಂಗಿ ನೋಡಿದಳು. ತಿಳಿಯಿತು. ಮೊರ ನೆಲಕ್ಕೆ ಕುಕ್ಕಿ, "ಏನು ಮಾಡ್ಬಿಟ್ಯೋ ಹಾಳಾದವ್ನೇ! ಮಗು ಎದೆ ಒಡೆದು ಹೋದ್ರೆ ಏನೋ ಮಾಡ್ತೀಯಾ?" ಅಂತ ಕೂಗಿದಳು. ನಾನು ಬೈಗುಳಕ್ಕೆ ಸಿದ್ಧನಾಗಿಯೇ ಬಂದಿದ್ದೆ.

ಶೀರಾಜ್ ಹೋಗಿ ಅಜ್ಜಿಯ ಮುಂದೆ ಬೆನ್ನು ಹಾಕಿ ಕೂತಳು.

"ಅಜ್ಜೀ, ನಿನ್ನ ಬಾಚಣಿಗೆ ತಗೊಂಡು ಬಾ. ನೀನು ದಿನಾ ಬಲಕ್ಕೆ ತೆಗೀತೀಯ. ಎಡಕ್ಕೆ ತೆಗೀಬೇಕಂತೆ. ಅಮ್ಮ ಹೇಳಿ ಹೋಗಿದ್ದಾಳೆ."

ನನ್ನ ತಾಯಿ ಕೈಯಲ್ಲಿದ್ದ ಸಿಪ್ಪೆ ಕೊಡವಿ, ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು.