ಶಿಕ್ಷೆ ಆಗಿದ್ದು ಅವನಿಗೆ, ನಿಮಗಲ್ಲ

ಕ್ಲಚ್ಚಕ್ಕನಿಗೆ ಬುದ್ಧಿ ಹೇಳದವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ.

ಹಾಲು ತರಲು ಹೋದರೆ ಅಂಗಡಿಯವನು, "ಸ್ವಲ್ಪ ತಾಳ್ಮೆ ಇರಲಿ ಅಕ್ಕ" ಎನ್ನುತ್ತಿದ್ದ. ಮೆಟ್ಟಿಲ ಮೇಲೆ ಸಿಕ್ಕ ಪಕ್ಕದ ಮನೆಯಾಕೆ, "ಅಷ್ಟು ವರ್ಷ ಜೈಲು ಅಂದ್ಮೇಲೆ ಮದುವೆ ತಾನಾಗೇ ಮುರೀತು ಅಂತ ತಿಳ್ಕೊಳ್ಳಿ. ಕೋರ್ಟು ಯಾಕೆ ಬೇಕು?" ಎನ್ನುತ್ತಿದ್ದಳು. ಸ್ವಂತ ಅಣ್ಣ ಫೋನು ಮಾಡಿ, "ಅವನು ಅಪೀಲು ಹಾಕಿದಾನಂತೆ, ಅದು ಮುಗೀಲಿ. ಈಗಲೇ ಬಿಟ್ಟರೆ ಜನ ಏನಂತಾರೆ?" ಎಂದು ಕೇಳುತ್ತಿದ್ದ. ಹೇಳುವವರ ಬಾಯಿಗೇನು, ಬಾಡಿಗೆ ಕಟ್ಟಬೇಕೇ? ಕೇಳಿ ಕೇಳಿ ಇವಳ ಕಿವಿ ತೂತು ಬಿದ್ದಿತ್ತು.

ಕ್ಲಚ್ಚಕ್ಕ ಎನ್ನುವುದು ಅವಳ ಶಿಷ್ಯರು ಇಟ್ಟ ಹೆಸರು. ಅವಳು ಕಾರು ಓಡಿಸಲು ಕಲಿಸುತ್ತಾಳೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ದಿನವಿಡೀ "ಕ್ಲಚ್ಚು, ಕ್ಲಚ್ಚು" ಎನ್ನುವುದೇ ಅವಳ ಕಸುಬು. ಮಗಳ ಓದು, ಅತ್ತೆಯ ಔಷಧಿ, ಮನೆಯ ಒಲೆ, ಎಲ್ಲವೂ ಆ ಒಂದು ಹಳೆಯ ಬಿಳಿ ಕಾರಿನ ಮೇಲೆ ನಡೆಯುತ್ತಿತ್ತು.

ಗಂಡ ಜೈಲಿನಲ್ಲಿದ್ದ. ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳ ತೆಗೆದು, ಅಂಚೆ ಹಂಚುವ ಒಬ್ಬ ಪಾಪದವನನ್ನು ಕಬ್ಬಿಣದ ಸಲಾಕೆಯಿಂದ ಹೊಡೆದಿದ್ದ. ಆ ಮನುಷ್ಯ ಇವತ್ತಿಗೂ ಊರುಗೋಲಿಲ್ಲದೆ ನಡೆಯಲಾರ. ಕೋರ್ಟು ಗಂಡನಿಗೆ ದೀರ್ಘ ಶಿಕ್ಷೆ ಕೊಟ್ಟಿತು. ಆ ದಿನ ಬೀದಿಯವರಿಗೆಲ್ಲ ಆಶ್ಚರ್ಯವಾಯಿತು. ಕ್ಲಚ್ಚಕ್ಕನಿಗೆ ಆಗಲಿಲ್ಲ. ಆ ಕೈಯ ರುಚಿ ಅವಳಿಗೆ ಮೊದಲೇ ಗೊತ್ತಿತ್ತು.

ದೇಹ ಒಳಗಿದ್ದರೂ ಅವನ ದರ್ಬಾರು ಹೊರಗೆ ನಿಂತಿರಲಿಲ್ಲ. ವಾರಕ್ಕೊಮ್ಮೆ ಜೈಲಿನಿಂದ ಫೋನು ಬರುತ್ತಿತ್ತು. ಯಾರ ಜೊತೆ ಮಾತಾಡಿದೆ, ಸಂಜೆ ಯಾಕೆ ತಡವಾಯಿತು, ಮಗಳ ಕೂದಲು ಯಾಕೆ ಕತ್ತರಿಸಿದೆ. ಒಮ್ಮೆ ಧೈರ್ಯ ಮಾಡಿ, "ನನಗೆ ಈ ಮದುವೆ ಸಾಕಾಗಿದೆ" ಎಂದಳು. ಅವನು ನಕ್ಕ.

"ನಾನು ಸಹಿ ಹಾಕಿದ್ರೆ ತಾನೇ ನಿನಗೆ ಬಿಡುಗಡೆ? ನಾನು ಹಾಕಲ್ಲ. ಹೊರಗೆ ಬಂದ್ಮೇಲೆ ನೋಡ್ಕೋತೀನಿ ನಿನ್ನ."

ಅವಳು ಅದನ್ನು ನಂಬಿದಳು. ಬೀದಿಯವರೂ ನಂಬಿದ್ದರು.

ಒಂದು ಬೆಳಿಗ್ಗೆ ಕಾರಿನಲ್ಲಿ ಹೊಸ ಶಿಷ್ಯೆ ಕೂತಿದ್ದಳು. ಉಚಿತ ಕಾನೂನು ನೆರವು ಕೇಂದ್ರದ ವಕೀಲೆ. ಕೋರ್ಟಿನಲ್ಲಿ ನಿಂತರೆ ಎದುರಾಳಿಗೆ ಬೆವರು ಬರುತ್ತಿತ್ತಂತೆ. ಸ್ಟಿಯರಿಂಗ್ ಹಿಡಿದರೆ ಮಾತ್ರ ಬೆವರು ಪಕ್ಕದಲ್ಲಿ ಕೂತವರಿಗೆ. ಇನ್ನೂ ಗಾಡಿ ಶುರು ಮಾಡಿರಲಿಲ್ಲ, ಗಂಡನ ಸ್ನೇಹಿತರಿಬ್ಬರು ಬಂದು ಕಾರಿನ ಬಾನೆಟ್ ಮೇಲೆ ಕೈ ಊರಿ ನಿಂತರು.

"ಅಣ್ಣ ಫೋನ್ ಮಾಡಿದ್ರು ಅತ್ತಿಗೆ. ಕಾರು ತಗೊಂಡ್ಹೋಗಿ ಇಟ್ಕೊಳ್ಳಿ ಅಂದಿದಾರೆ. ಕೀ ಕೊಡಿ."

ಕ್ಲಚ್ಚಕ್ಕ ಕೀ ಮೇಲೆ ಕೈ ಅಡ್ಡ ಇಟ್ಟಳು. ವಕೀಲೆ ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಕಾರು ಯಾರ ಹೆಸರಲ್ಲಿದೆ?"

"ನಂದೇ. ನಾನೇ ದುಡಿದು ತಗೊಂಡಿದ್ದು."

ವಕೀಲೆ ಗಾಜು ಇಳಿಸಿದಳು. "ನೋಡಿ, ಕಾರು ಇವರದ್ದು. ಬಾನೆಟ್ ಮೇಲಿಂದ ಕೈ ತೆಗೀರಿ. ಇಲ್ಲಾಂದ್ರೆ ನಾನು ಈಗಲೇ ಪೊಲೀಸಿಗೆ ಫೋನ್ ಮಾಡ್ತೀನಿ. ನಾನು ವಕೀಲೆ, ನೀವು ಹೇಳಿದ್ದನ್ನ ಕಿವಿಯಾರೆ ಕೇಳಿದೀನಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪಕ್ಕಕ್ಕೆ ಸರಿದರು. ಅಷ್ಟು ಗತ್ತಿನಲ್ಲಿ ಮಾತಾಡಿದ ವಕೀಲೆ ಅಷ್ಟೇ ಗತ್ತಿನಲ್ಲಿ ಹೊರಡಬೇಕಿತ್ತು. ಕಾರು ಜಗ್ಗಿತು, ಕೆಮ್ಮಿತು, ನಿಂತಿತು.

"ಕ್ಲಚ್ಚು ಮೇಡಂ, ಕ್ಲಚ್ಚು" ಎಂದಳು ಕ್ಲಚ್ಚಕ್ಕ. ಹಾಗೆನ್ನುವಾಗಲೇ ಅವಳ ಕಣ್ಣಲ್ಲಿ ನೀರು ತುಂಬಿತು.

ಮುಂದಿನ ತಿರುವಿನಲ್ಲಿ ಒಂದು ಮರದ ಕೆಳಗೆ ಗಾಡಿ ನಿಲ್ಲಿಸಿದರು. ಅವತ್ತು ಪಾಠ ಉಲ್ಟಾ ಆಯಿತು. ಶಿಷ್ಯೆ ಹೇಳಿದಳು, ಗುರು ಕೇಳಿದಳು.

"ಅವರು ಸಹಿ ಹಾಕಲ್ವಂತೆ ಮೇಡಂ. ನಾನೇನು ಮಾಡ್ಲಿ?"

"ಇಬ್ಬರೂ ಒಪ್ಪಿ ಬಿಡೋದಾದ್ರೆ ಇಬ್ಬರ ಸಹಿಯೂ ಬೇಕು. ಅವರು ಒಪ್ಪದಿದ್ರೆ ನೀವೊಬ್ಬರೇ ಕೋರ್ಟಿಗೆ ಅರ್ಜಿ ಹಾಕಬಹುದು. ಜೈಲಿಗೇ ನೋಟೀಸು ಹೋಗುತ್ತೆ. ಅವರ ಮಾತನ್ನೂ ಕೋರ್ಟು ಕೇಳುತ್ತೆ. ಆದ್ರೆ ಆಗಲ್ಲ ಅಂತ ಅವರು ಅಂದ ಮಾತ್ರಕ್ಕೆ ಬಾಗಿಲು ಮುಚ್ಚಲ್ಲ."

"ಪಕ್ಕದ ಮನೆಯವರು ಹೇಳ್ತಾರೆ, ಶಿಕ್ಷೆ ಆದ್ರೆ ಮದುವೆ ತಾನಾಗೇ ಮುರಿಯುತ್ತಂತೆ."

"ಅದೂ ಸುಳ್ಳು. ಕೋರ್ಟು ಆದೇಶ ಕೊಡೋವರೆಗೂ ನೀವು ಅವರ ಹೆಂಡತಿಯೇ."

"ಹಾಗಾದ್ರೆ ಶಿಕ್ಷೆ ಆಗಿದೆ ಅಂತ ತೋರಿಸಿದ್ರೆ ಸಾಕಾ?"

"ಅದು ನಿಮ್ಮ ಮದುವೆ ಯಾವ ಕಾನೂನಿನ ಕೆಳಗೆ ಆಗಿದೆ ಅನ್ನೋದರ ಮೇಲೆ ನಿಂತಿದೆ. ಕೆಲವು ಕಾನೂನಲ್ಲಿ ದೊಡ್ಡ ಶಿಕ್ಷೆಯೇ ಒಂದು ಕಾರಣ. ಅಲ್ಲೂ ಇಷ್ಟು ಕಾಲ ಕಳೆದಿರಬೇಕು ಅಂತ ಷರತ್ತು ಇರಬಹುದು. ಇನ್ನು ಕೆಲವು ಕಡೆ ಹೊಡೆದಿದ್ದು, ಹೆದರಿಸಿದ್ದು, ಇವತ್ತು ಜನ ಕಳಿಸಿದ್ದು, ಇಂಥ ಕ್ರೌರ್ಯವನ್ನ ತೋರಿಸಬೇಕಾಗುತ್ತೆ. ಅಪೀಲು ಬಾಕಿ ಇದ್ರೆ ಅದನ್ನೂ ನೋಡಬೇಕು. ಅಂದಾಜಲ್ಲಿ ಹೇಳೋ ಮಾತಲ್ಲ ಇದು. ಕೇಂದ್ರಕ್ಕೆ ಬನ್ನಿ. ಶಿಕ್ಷೆಯ ತೀರ್ಪಿನ ದೃಢೀಕರಿಸಿದ ನಕಲು, ಮದುವೆಯ ದಾಖಲೆ ತನ್ನಿ. ಫೋನಲ್ಲಿ ಏನೇನು ಹೆದರಿಸಿದ್ರು ಅಂತ ನೆನಪಿರೋವಾಗಲೇ ಬರೆದಿಡಿ."

ಕ್ಲಚ್ಚಕ್ಕನಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಇಷ್ಟು ಜನ ಇಷ್ಟು ದಿನ ಬಾಯಿ ನೋಯುವಷ್ಟು ಮಾತಾಡಿದರು. ಗೊತ್ತಿದ್ದವರನ್ನು ಹೋಗಿ ಕೇಳು ಎಂದು ಒಬ್ಬರಾದರೂ ಅಂದಿದ್ದರೆ?

ಮನೆಯಲ್ಲಿ ವಿಷಯ ತೆಗೆದಾಗ ಅತ್ತೆ ಬಟ್ಟೆ ಮಡಿಸುತ್ತಿದ್ದಳು. ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು.

"ಬಿದ್ದವನ ಮೇಲೆ ಕಲ್ಲು ಹಾಕ್ತೀಯಾ? ಎಷ್ಟಾದ್ರೂ ನಿನ್ನ ಗಂಡ."

"ಬಿದ್ದಿರೋದು ಅವರಲ್ಲ ಅತ್ತೆ, ಆ ಅಂಚೆಯವನು."

"ಸಿಟ್ಟಲ್ಲಿ ಒಂದೇಟು ಹೊಡೆದ. ತಪ್ಪಾಯ್ತು. ಬುದ್ಧಿ ಬಂದಿರುತ್ತೆ ಈಗ."

"ಬುದ್ಧಿ ಬಂದವರು ಕಾರು ಕಿತ್ಕೊಳ್ಳೋಕೆ ಗೂಂಡಾಗಳನ್ನ ಕಳಿಸ್ತಾರಾ?"

ಅತ್ತೆ ಟವೆಲ್ ಮಡಿಸಿಟ್ಟು ಎದ್ದು ಹೋದಳು. ಆದರೆ ಸೊಸೆ ಕೇಂದ್ರಕ್ಕೆ ಹೊರಟ ದಿನ ತಾನೂ ಚಪ್ಪಲಿ ಮೆಟ್ಟಿದಳು. "ನಾನೂ ಬರ್ತೀನಿ. ಆ ವಕೀಲೆ ನಿನ್ನ ತಲೆ ಏನು ಕೆಡಿಸ್ತಾಳೋ ನೋಡ್ತೀನಿ."

ಕೇಂದ್ರ ಎಂದರೆ ಒಂದು ಉದ್ದನೆಯ ಕೋಣೆ, ನಾಲ್ಕೈದು ಕುರ್ಚಿ, ತಿರುಗಿದಾಗೆಲ್ಲ ಕಿರ್ರೆನ್ನುವ ಒಂದು ಫ್ಯಾನು. ಅತ್ತೆ ಕೈ ಕಟ್ಟಿ ಕೂತು ಒಂದೊಂದೇ ಪ್ರಶ್ನೆ ಎಸೆದಳು.

"ಬಿಟ್ಟ ಮೇಲೆ ನನ್ನ ಮೊಮ್ಮಗಳು ಅಪ್ಪನ ಮುಖ ನೋಡೋ ಹಾಗಿಲ್ವಾ?"

"ಅದು ಬೇರೆ ವಿಷಯ ಅಮ್ಮ. ಗಂಡ ಹೆಂಡತಿ ಬಿಟ್ಟರೂ ಅವರು ಆ ಮಗುವಿನ ಅಪ್ಪನೇ. ಮಗುವಿಗೆ ಏನು ಒಳ್ಳೇದು ಅಂತ ನೋಡಿ ಕೋರ್ಟು ತೀರ್ಮಾನ ಮಾಡುತ್ತೆ. ಮಗಳಿಗೆ ತಿಳುವಳಿಕೆ ಬಂದಿದ್ರೆ ಅವಳನ್ನೂ ಕೇಳಬಹುದು."

"ವಕೀಲರ ಸಹವಾಸ, ಮನೆ ಮಾರಬೇಕಾಗುತ್ತೆ."

"ನೆರವಿಗೆ ಅರ್ಹತೆ ಇದ್ದವರಿಂದ ಇಲ್ಲಿ ಫೀಸು ತಗೊಳ್ಳಲ್ಲ."

ಅತ್ತೆ ಕಟ್ಟಿದ್ದ ಕೈ ಬಿಟ್ಟಳು. ಆಮೇಲೆ ನೆಲ ನೋಡಿ ಕೇಳಿದಳು. "ಆಮೇಲೆ ನಾನೆಲ್ಲಿಗೆ ಹೋಗ್ಲಿ?"

ಕ್ಲಚ್ಚಕ್ಕ ತಟ್ಟನೆ ಅವಳ ಕಡೆ ತಿರುಗಿದಳು. ಇಷ್ಟು ದಿನದ ತಕರಾರಿನ ಬೇರು ಇಲ್ಲಿತ್ತು. ಮಗನ ಮೇಲಿನ ಮಮತೆ ಎಂದು ಇವಳು ಅಂದುಕೊಂಡಿದ್ದರಲ್ಲಿ ಅರ್ಧ ಭಯವೇ ಇತ್ತು.

"ಅಯ್ಯೋ ನಿಮ್ಮ, ಅದನ್ನ ಮೊದಲೇ ಬಾಯಿ ಬಿಟ್ಟು ಹೇಳೋದಲ್ವಾ? ನಾನು ಬಿಡೋದು ಅವರನ್ನ. ನಿಮ್ಮನ್ನ ಬಿಡ್ತೀನಿ ಅಂತ ಯಾರು ಹೇಳಿದ್ರು? ನೀವಿಲ್ಲದಿದ್ರೆ ನಾನು ಪಾಠಕ್ಕೆ ಹೋದಾಗ ಮಗಳನ್ನ ನೋಡ್ಕೊಳ್ಳೋರು ಯಾರು? ಆ ಹಾಳು ಸೀರಿಯಲ್ ಕಥೆ ನನಗೆ ಹೇಳೋರು ಯಾರು?"

ಅತ್ತೆ ಮೂಗು ಒರೆಸಿಕೊಂಡಳು. ವಕೀಲೆಯ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು. "ಇವಳ ಕೈ ಮುರಿದಾಗ ಮೆಟ್ಟಿಲಿಂದ ಬಿದ್ದಳು ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ನಾನೇ. ಬಿದ್ದಿರಲಿಲ್ಲ. ನಾನು ನೋಡಿದೀನಿ. ಬೇಕಾದ್ರೆ ಕೋರ್ಟಲ್ಲೂ ಹೇಳ್ತೀನಿ."

ಹೇಳಿದಳು ಕೂಡ. ಆದರೆ ಎಲ್ಲವೂ ಹೂವಿನ ಸರ ಎತ್ತಿದಷ್ಟು ಹಗುರವಾಗಿ ಆಯಿತೆಂದು ಯಾರೂ ತಿಳಿಯಬೇಡಿ. ಒಂದು ದಿನ ನ್ಯಾಯಾಧೀಶರು ರಜೆ. ಒಂದು ದಿನ ಅವನನ್ನು ಜೈಲಿನಿಂದ ಕರೆತರಲು ಪೊಲೀಸರಿಲ್ಲ. ಇನ್ನೊಂದು ದಿನ ಅವನು ನನಗೂ ವಕೀಲರು ಬೇಕು ಎಂದು ಮುಂದಕ್ಕೆ ಹಾಕಿಸಿದ. ಪ್ರತಿ ಸಲವೂ ಕ್ಲಚ್ಚಕ್ಕ ಪಾಠ ಬಿಟ್ಟು ಹೋಗಿ, ಕಾಲು ನೋಯುವಷ್ಟು ನಿಂತು, ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು. ಬೀದಿಯವರು "ನಾವು ಮೊದಲೇ ಹೇಳಲಿಲ್ವಾ?" ಎಂದರು. ಈ ಮಧ್ಯೆ ವಕೀಲೆಗೆ ಲೈಸೆನ್ಸೂ ಬಂತು. ಕೇಸು ಮಾತ್ರ ಮುಗಿದಿರಲಿಲ್ಲ.

ಆದರೆ ಒಂದು ಕೆಲಸ ಬೇಗ ಆಯಿತು. ಪೊಲೀಸರಿಗೆ ಬೆದರಿಕೆಯ ದೂರು ಕೊಟ್ಟ ಮೇಲೆ ಆ ಸ್ನೇಹಿತರು ಬೀದಿಯ ಕಡೆ ತಲೆ ಹಾಕಲಿಲ್ಲ. ಅವನ ಫೋನು ಬಂದಾಗ ಅತ್ತೆಯೇ ಎತ್ತತೊಡಗಿದಳು.

"ಊಟ ಸರಿಯಾಗಿ ಮಾಡ್ತಿದ್ದೀಯಾ? ಮಾಡು. ಮೈ ಹುಷಾರು. ಅವಳ ಸುದ್ದಿ ನನ್ನ ಹತ್ರ ಎತ್ತಬೇಡ. ನಾನು ನಿನ್ನ ತಾಯಿ, ಅದು ಬದಲಾಗಲ್ಲ. ಅವಳು ನಿನ್ನ ಆಳಲ್ಲ."

ಕೊನೆಗೆ ಆದೇಶ ಬಂತು. ವಿಚ್ಛೇದನ ಸಿಕ್ಕಿತು. ಮಗಳು ತಾಯಿಯ ಬಳಿಯೇ ಉಳಿದಳು. ಅಪ್ಪನನ್ನು ನೋಡಬೇಕು ಅನ್ನಿಸಿದಾಗ ಅಜ್ಜಿ ಕರೆದುಕೊಂಡು ಹೋಗುತ್ತಾಳೆ, ಅನ್ನಿಸದಿದ್ದರೆ ಇಲ್ಲ. ಆದೇಶದ ಸುದ್ದಿ ಕೇಳಿದ ಅಣ್ಣ ಫೋನು ಮಾಡಿ, "ಒಳ್ಳೇದಾಯ್ತು ಬಿಡು, ನಾನು ಅವತ್ತೇ ಅಂದ್ಕೊಂಡಿದ್ದೆ" ಎಂದ. ಕ್ಲಚ್ಚಕ್ಕ ಫೋನಿಟ್ಟು, ಚಾಪೆಯ ಮೇಲೆ ಮಲಗಿ ಮಧ್ಯಾಹ್ನವೆಲ್ಲ ನಿದ್ದೆ ಹೊಡೆದಳು. ಅತ್ತೆ ಕದ ಮುಂದೆ ಮಾಡಿ, ಪಾಠಕ್ಕೆ ಬಂದವರನ್ನು ನಾಳೆ ಬನ್ನಿ ಎಂದು ಕಳಿಸಿದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈ ಮಾತು ನಿಮಗೂ. ಗಂಡನಾಗಲಿ ಹೆಂಡತಿಯಾಗಲಿ, ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರ ಜೊತೆ ಬಾಳುವುದೋ ಬಿಡುವುದೋ ನಿಮ್ಮ ತೀರ್ಮಾನ. ಕಾಯುತ್ತೇನೆ ಎನ್ನುವವರು ಕಾಯಲಿ, ಅದರಲ್ಲಿ ತಪ್ಪಿಲ್ಲ. ಆದರೆ ಬೇರೆ ದಾರಿಯೇ ಇಲ್ಲ ಎಂದು ಹೆದರಿ ಕಾಯಬೇಡಿ. ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಬೆದರಿಕೆ ಬಂದರೆ ಮುಚ್ಚಿಡದೆ ದೂರು ಕೊಡಿ. ನಿಮ್ಮ ಹತ್ತಿರದ ಕೋರ್ಟಿಗೆ ಹೋಗಿ, ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ನಿಮಗೆ ಧೈರ್ಯ ಸಾಲದಿದ್ದರೆ ಮನೆಯಲ್ಲಿ ಗಟ್ಟಿಯಾಗಿ ಬೇಡ ಎನ್ನುತ್ತಿರುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರ ಭಯವೂ ಅಲ್ಲೇ ಕಳೆಯಬಹುದು.